ಕೊನೇ ಕೋಣೆ ಬಿಸಿಯಾದ ಭಾನುವಾರ

"ಅಯ್ಯಯ್ಯೋ! ಬಟ್ಟೆ ಕೊಡಿ, ಬಟ್ಟೆ... ಬೇಗ ಬೇಗ!"

ಕಾತ್ಯಾಯಿನಿ ಕೈಗೆ ಸಿಕ್ಕಿದ ಟವೆಲನ್ನು ಆತನತ್ತ ಎಸೆದಳು. ಗೋಡೆಗೆ ಬಿಗಿದ ರೇಡಿಯೇಟರಿನ ಮೂಲೆಯಿಂದ ಕಪ್ಪು ನೀರು ಚಿಮ್ಮುತ್ತಿತ್ತು. ರಿಪೇರಿಗೆಂದು ಬಂದವನ ಟೋಪಿ, ಮಾಸ್ಕು, ಕನ್ನಡಕ ಮೂರೂ ತೊಯ್ದು ತೊಪ್ಪೆಯಾಗಿದ್ದವು. ಅವನು ಹೆಬ್ಬೆರಳಿನಿಂದ ತೂತು ಮುಚ್ಚಲು ಹೋದದ್ದೇ ತಡ, ನೀರು ದಿಕ್ಕು ಬದಲಿಸಿ ಅವಳ ಹೊಸ ಬಿಳಿ ಸ್ವೆಟರಿಗೇ ಅಭಿಷೇಕ ಮಾಡಿತು.

ಆಗ ಅವಳಿಗೆ ಹೊಳೆಯಿತು. ಬಟ್ಟೆ?! ಈ ಮನುಷ್ಯ ಕೇಳಿದ್ದು ಬಟ್ಟೆ... ಅದೂ ಕನ್ನಡದಲ್ಲಿ!

"ನೀವು... ಕನ್ನಡದವರಾ?!"

ಅವನೂ ಹೆಬ್ಬೆರಳನ್ನು ಅಲ್ಲೇ ಒತ್ತಿ ಹಿಡಿದು, ತಿರುಗಿ ನೋಡಿದ. ನೀರಿಳಿಯುತ್ತಿದ್ದ ಕನ್ನಡಕದ ಹಿಂದೆ ಎರಡು ಕಣ್ಣುಗಳು ಅಗಲವಾದವು.

"ನೀವೂ ಕನ್ನಡದವರಾ?!"

"ಮತ್ತೆ ಅರ್ಧ ಗಂಟೆಯಿಂದ ಸುಮಿಮಾಸೆನ್, ಸುಮಿಮಾಸೆನ್ ಅಂತ ಕ್ಷಮೆ ಕೇಳಿ ಕೇಳಿ ನನ್ನ ಪ್ರಾಣ ತಿಂದ್ರಲ್ರೀ!"

"ನಿಮ್ಮ ಜಪಾನೀಸ್ ಏನು ಕಮ್ಮಿ ಇತ್ತಾ? ಹೀಟರ್‌ಗೇ ಚಳಿ ಆಗ್ತಿದೆ ಅನ್ನೋ ಥರ ಹೇಳಿದ್ರಿ. ಪಾಪ, ಅದಕ್ಕೊಂದು ಶಾಲು ಹೊದಿಸ್ಬೇಕೇನೋ ಅಂದ್ಕೊಂಡೆ!"

ಅವಳಿಗೆ ನಗು ತಡೆಯಲಾಗಲಿಲ್ಲ. ಸ್ವೆಟರ್ ಹಾಳಾದ ಸಿಟ್ಟು ಎಲ್ಲಿಗೆ ಹೋಯಿತೋ! ಜಪಾನಿನ ಈ ವಾಕೋ ಊರಿಗೆ ಬಂದು ಎರಡು ವರ್ಷವಾಗಿತ್ತು. ಅವಳ ಮನೆಯೊಳಗೆ ಹೀಗೆ ಜೋರಾಗಿ ಕನ್ನಡ ಕೇಳಿದ್ದು ಅದೇ ಮೊದಲು.

ಮೈಸೂರಿನ ಕಾತ್ಯಾಯಿನಿ ಅಲ್ಲಿನ ಸಂಶೋಧನಾ ಸಂಸ್ಥೆಯಲ್ಲಿ ಗಿಡಗಳ ಬೇರಿನ ಮೇಲೆ ಅಧ್ಯಯನ ಮಾಡುತ್ತಿದ್ದಳು. ಬಾಡಿಗೆಗೆ ಹಿಡಿದದ್ದು ಎರಡಂತಸ್ತಿನ ಹಳೇ ಮನೆ. ಪಕ್ಕದಲ್ಲೇ ಇರುವ ಮನೆಯೊಡತಿ ಕಿಮುರಾ ಸಾನ್‌ರ ತೀರಿಹೋದ ಗಂಡ ಉತ್ತರದ ಹಿಮದ ದ್ವೀಪ ಹೊಕ್ಕೈದೋ ಕಡೆಯವರು. ಅಲ್ಲಿನ ಪದ್ಧತಿಯಂತೆ ಕೆಳಗೆ ಸೀಮೆಎಣ್ಣೆಯ ಬಾಯ್ಲರು ಕೂರಿಸಿ, ಕೋಣೆಗೊಂದರಂತೆ ಆರು ರೇಡಿಯೇಟರ್ ಹಾಕಿಸಿದ್ದರು. ಬಾಯ್ಲರಿನಲ್ಲಿ ಕಾದ ನೀರು ಕೊಳವೆಗಳಲ್ಲಿ ಹರಿದು ಮನೆಯನ್ನೆಲ್ಲ ಬೆಚ್ಚಗಿಡಬೇಕು... ಬೇಕು ಅಷ್ಟೇ. ಆರರಲ್ಲಿ ಕಾಯುತ್ತಿದ್ದದ್ದು ಒಂದೇ ಒಂದು, ಬಾಯ್ಲರಿನ ಸರೀ ಮೇಲಿದ್ದ ಅವಳ ಕೋಣೆಯದ್ದು. ಮಹಡಿಯ ಕೊನೇ ಕೋಣೆಯದಂತೂ ಕಲ್ಲಿನ ಹಾಗೆ ತಣ್ಣಗಿತ್ತು.

ಸಂಕ್ರಾಂತಿ ಮುಗಿಸಿಕೊಂಡು ಅವಳ ತಾಯಿ ಜಯಮ್ಮ ಮೈಸೂರಿನಿಂದ ಬರುವವರಿದ್ದರು. ಆ ಕೊನೇ ಕೋಣೆಯೇ ಅವರಿಗೆ. ಚಳಿಗೆ ಮಂಡಿ ಹಿಡಿದುಕೊಳ್ಳುವ ಜೀವ. ವರ್ಷದ ಕೊನೆಯಲ್ಲಿ ರಿಪೇರಿಯವರು ಯಾರೂ ಸಿಗದೆ ಕಿಮುರಾ ಸಾನ್ ಗಂಡನ ಹಳೇ ಆಫೀಸಿಗೇ ಫೋನ್ ಮಾಡಿದರು. ಕಾವಾಸಾಕಿ ಊರಿನ ಆ ಬಾಯ್ಲರ್ ಕಂಪನಿ ಕಳಿಸಿದ್ದು ಇವನನ್ನು. ಹೆಸರು ಮಧುಕರ್. ಊರು ಬೆಂಗಳೂರಿನ ರಾಜಾಜಿನಗರ.

"ರಿಪೇರಿ ನನ್ನ ಕೆಲಸ ಅಲ್ಲ ಕಣ್ರೀ, ನಾನು ಡಿಸೈನ್ ಇಂಜಿನಿಯರ್. ಇಷ್ಟು ಹಳೇ ಸಿಸ್ಟಮ್ ಈ ಕಡೆ ಎಲ್ಲೂ ಇಲ್ಲ. ನೋಡೋ ಆಸೆಗೆ ನಾನೇ ಹೋಗ್ತೀನಿ ಅಂತ ಕೈ ಎತ್ತಿದೆ," ಎಂದ ಅವನು ತಲೆ ಒರೆಸಿಕೊಳ್ಳುತ್ತ.

"ಗಾಳಿ ಬಿಡೋ ಸ್ಕ್ರೂನ ಪೂರ್ತಿ ಬಿಚ್ಚಿದ್ದೂ ಆಸೆಗೇನಾ?"

"ಅದು ತುಕ್ಕು ಹಿಡಿದಿತ್ತು ಮೇಡಂ. ಅರ್ಧ ಸುತ್ತು ತಿರುಗಿಸಿದ್ದಕ್ಕೆ ಕೈಗೇ ಬಂದ್ಬಿಡ್ತು!"

ಮಾಸ್ಕು ತೆಗೆದಾಗ ಕಂಡ ಆ ನಾಚಿಕೆಯ ನಗು... ಕಾತ್ಯಾಯಿನಿ ತಟ್ಟನೆ ಟೀ ಮಾಡುವ ನೆಪ ಹೇಳಿ ಅಡುಗೆಮನೆಗೆ ಹೋದಳು. ಎದೆ ಯಾಕೋ ಹೊಡೆದುಕೊಳ್ಳುತ್ತಿತ್ತು.

*ಥೂ, ನಂಗೇನಾಯ್ತು? ಬಂದಿರೋದು ಬಾಯ್ಲರ್ ರಿಪೇರಿಗೆ!*

ಆ ದಿನ ಐದು ರೇಡಿಯೇಟರುಗಳ ಗಾಳಿ ಹೊರಬಿತ್ತು. ಮೂರು ಅಷ್ಟಿಷ್ಟು ಬೆಚ್ಚಗಾದವು. ಕೊನೇ ಕೋಣೆಯದು ಮಾತ್ರ ಜಪ್ಪಯ್ಯ ಎನ್ನಲಿಲ್ಲ.

"ಮುಂದಿನ ಭಾನುವಾರ ಬರ್ಲಾ?" ಎಂದು ಕೇಳಿದ.

"ಬನ್ನಿ," ಎಂದಳು. ಸ್ವಲ್ಪ ಬೇಗನೇ ಅಂದುಬಿಟ್ಟೆನೇನೋ ಎಂದು ಆಮೇಲೆ ಅನಿಸಿತು.

ಮುಂದಿನ ಭಾನುವಾರ ಅವನು ಕೊನೇ ಕೋಣೆಯ ರೇಡಿಯೇಟರನ್ನೇ ಬಿಚ್ಚಿದ. ಇಬ್ಬರೂ ಸೇರಿ ಅದನ್ನು ಅಂಗಳಕ್ಕೆ ಹೊತ್ತು ತಂದರು.

"ಮೇಲುಗಡೆ ತಣ್ಣಗಿದ್ರೆ ಒಳಗೆ ಗಾಳಿ ಇದೆ ಅಂತ. ಕೆಳಗಡೆ ತಣ್ಣಗಿದ್ರೆ ಕೆಸರು ಕೂತಿದೆ ಅಂತ," ಎಂದು ಹೇಳುತ್ತ ಪೈಪಿನಿಂದ ನೀರು ಬಿಟ್ಟ. ಇನ್ನೊಂದು ತುದಿಯಿಂದ ಮಸಿಯಂಥ ಕೆಸರು ದಬದಬ ಸುರಿಯಿತು.

"ಮೇಲೂ ಕೆಳಗೂ ತಣ್ಣಗಿದ್ರೆ?"

"ಆಗ ಇಂಜಿನಿಯರ್ ಎರಡು ಸಲ ಬರ್ಬೇಕಾಗತ್ತೆ." ಒಂದು ಕ್ಷಣ ಬಿಟ್ಟು ಸೇರಿಸಿದ. "ಊಟ ಚೆನ್ನಾಗಿದ್ರೆ ಮೂರು ಸಲ."

ಅಂದು ಅವಳು ಬಿಸಿಬೇಳೆಬಾತ್ ಮಾಡಿದ್ದಳು. ಅವನು ಮೂರು ಸಲ ಬಡಿಸಿಕೊಂಡು, ನಾಲ್ಕನೇ ಸಲಕ್ಕೆ ಪಾತ್ರೆಯ ಕಡೆಗೇ ನೋಡುತ್ತ ಕೂತ. ರೇಡಿಯೇಟರಿನ ಮೇಲೆ ಅಂಗೈಯಿಟ್ಟು, ಕಣ್ಣು ಮುಚ್ಚಿ, ಒಳಗಿನ ನೀರು ಎಲ್ಲಿಯ ತನಕ ಬಂದಿದೆ ಎಂದು ಗುರುತು ಹಿಡಿಯುತ್ತಿದ್ದ ಅವನನ್ನು ಬಾಗಿಲ ಮರೆಯಲ್ಲಿ ನಿಂತು ನೋಡುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತು. ಲ್ಯಾಬಿನಲ್ಲಿ ಬುಧವಾರವೇ ಭಾನುವಾರದ ಅಡುಗೆಯ ಯೋಚನೆ! ಬೇರುಗಳ ಉದ್ದ ಅಳೆಯುವಾಗ ಎರಡು ಸಲ ಲೆಕ್ಕ ತಪ್ಪಿತು. ಪ್ರೀತಿಯೆಂದರೆ ಇನ್ನೇನು, ಬಿಡಿ.

ಮೂರನೇ ಭಾನುವಾರ ಮಧುಕರ್ ನೇರವಾಗಿ ಅವಳ ಕೋಣೆಯ ರೇಡಿಯೇಟರಿನ ಬುಡದಲ್ಲಿ ಕೂತು, ಕೆಳಗಿನ ವಾಲ್ವನ್ನು ಬಿಗಿ ಮಾಡತೊಡಗಿದ.

"ಅಯ್ಯೋ, ಏನ್ ಮಾಡ್ತಿದ್ದೀರಿ? ಇಡೀ ಮನೇಲಿ ಸರಿಯಾಗಿ ಬಿಸಿ ಇರೋದು ಇದೊಂದೇ!"

"ಅದೇ ತೊಂದ್ರೆ. ಮದುವೆ ಮನೇಲಿ ಮೊದಲನೇ ಸಾಲಿಗೇ ಪಾಯಸ ಎಲ್ಲ ಬಡಿಸಿಬಿಟ್ರೆ ಕೊನೇ ಎಲೆಗೆ ಏನು ಉಳಿಯತ್ತೆ ಹೇಳಿ? ಬಾಯ್ಲರ್ ಹತ್ರ ಇರೋದು ಬಿಸಿನೀರೆಲ್ಲ ಕುಡ್ಕೊಂಡು ಕೂತಿದೆ. ಇದಕ್ಕೆ ಸ್ವಲ್ಪ ಕಡಿಮೆ ಬಡಿಸಿದ್ರೆ ನಿಮ್ಮ ಅಮ್ಮನ ಕೋಣೆ ತನಕ ನೀರು ಹೋಗತ್ತೆ."

"ನಂಗೆ ಚಳಿಯಾದ್ರೆ?"

"ಆಗಲ್ಲ. ನನ್ನ ನಂಬಿ," ಎಂದ. ಆ ಎರಡು ಮಾತಿಗೆ ಅವಳ ಕಿವಿಯೆಲ್ಲ ಬಿಸಿಯಾಯಿತು.

ಆರೂ ವಾಲ್ವುಗಳನ್ನು ಅಳೆದು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಫೋಟೋ ತೆಗೆದ. "ಯಾವ ವಾಲ್ವನ್ನೂ ಮುಟ್ಬೇಡಿ. ಹಳೇ ಗೋಡೆ, ನಿಧಾನಕ್ಕೆ ಕಾಯತ್ತೆ. ನಿಮ್ಮ ಅಮ್ಮ ಬರೋ ಹೊತ್ತಿಗೆ ಸರಿ ಇರತ್ತೆ."

ಹೊರಡುವ ಮುಂಚೆ ಹೊಸ್ತಿಲಲ್ಲಿ ಬೂಟಿನ ದಾರ ಕಟ್ಟುತ್ತ ತಲೆಯೆತ್ತದೇ ಹೇಳಿದ.

"ಹೊಕ್ಕೈದೋದ ಸಪ್ಪೊರೊದಲ್ಲಿ ನಂಗೆ ನಂದೇ ಒಂದು ಟೀಮ್ ಕೊಡ್ತಾರಂತೆ. ಅಲ್ಲಿ ಮನೆಮನೆಗೂ ರೇಡಿಯೇಟರ್. ಏಪ್ರಿಲ್‌ನಿಂದ ಮೂರು ವರ್ಷ. ಬರ್ತೀನೋ ಇಲ್ವೋ ಅಂತ ಮುಂದಿನ ಭಾನುವಾರ ಸಂಜೆಯೊಳಗೆ ಮೇಲ್ ಮಾಡ್ಬೇಕು."

"ಏನಂತ ಮಾಡ್ತೀರಿ?"

"ಅದಕ್ಕೆ ಮೊದ್ಲು ನಿಮ್ಮನ್ನ ಒಂದು ಮಾತು ಕೇಳ್ಬೇಕಿದೆ. ಕೊನೇ ಕೋಣೆ ಬಿಸಿಯಾಗಲಿ... ಆಮೇಲೆ ಕೇಳ್ತೀನಿ."

ಆ ವಾರವೆಲ್ಲ ಅವಳು ನೆಲದ ಮೇಲೆ ನಡೆಯಲಿಲ್ಲ! ವಾಲ್ವುಗಳಿಗೆ ದೂಳು ಕೂಡ ತಾಗದಂತೆ ನೋಡಿಕೊಂಡಳು. ಆದರೆ ಪ್ರತಿ ಸಂಜೆ ಲ್ಯಾಬಿನಿಂದ ಓಡಿಬಂದು ಕೊನೇ ಕೋಣೆಯ ರೇಡಿಯೇಟರ್ ಮುಟ್ಟಿದರೆ... ತಣ್ಣಗೆ! ಸೋಮವಾರ ತಣ್ಣಗೆ, ಮಂಗಳವಾರ ತಣ್ಣಗೆ. ಗುರುವಾರದ ಹೊತ್ತಿಗೆ ಅವಳ ಕೋಣೆಯದೂ ಉಗುರುಬೆಚ್ಚಗಾಗಿ ಕೂತಿತು.

ಶುಕ್ರವಾರ ಸಂಜೆ ಗೇಟಿನ ಬಳಿ ಕಿಮುರಾ ಸಾನ್ ಸಿಕ್ಕಿ ಸಂಭ್ರಮದಿಂದ ಹೇಳಿದರು, "ಮಧು ಸಾನ್ ಈ ಮನೆಯ ಬಗ್ಗೆ ಬರೆದ ವರದಿಯನ್ನು ಆಫೀಸಿನಲ್ಲಿ ಎಲ್ಲರೂ ಮೆಚ್ಚಿದರಂತೆ! ಸಪ್ಪೊರೊಗೆ ಅವರ ಹೆಸರು ಬಂದದ್ದೇ ಅದರಿಂದ. ಒಳ್ಳೆಯದಾಯಿತಲ್ಲವೇ?"

ವರದಿ? ಈ ಮನೆಯ ಬಗ್ಗೆ?

ಆ ನೋಟ್‌ಬುಕ್ಕು, ಆ ಫೋಟೋಗಳು ಅವಳ ಕಣ್ಣ ಮುಂದೆ ಬಂದವು. *ಹಾಗಾದ್ರೆ ಮೂರು ಭಾನುವಾರವೂ ಬಂದಿದ್ದು ನಂಗೋಸ್ಕರ ಅಲ್ಲ. ಅಮ್ಮನಿಗೋಸ್ಕರವೂ ಅಲ್ಲ. ಈ ರೇಡಿಯೇಟರುಗಳಿಗೆ!*

ತಣ್ಣನೆಯ ಮನೆಯಲ್ಲಿ ಕೋಟು ಕೂಡ ಬಿಚ್ಚದೇ ಫೋನ್ ಮಾಡಿದಳು.

"ಮನೆ ಮಂಜುಗಡ್ಡೆ ಆಗಿದೆ ಮಧುಕರ್. ಇದ್ದ ಒಂದು ಬಿಸಿಯನ್ನೂ ಹಾಳು ಮಾಡಿ ಹೋದ್ರಿ. ನಾಳೆ ನಮ್ಮಮ್ಮ ಬರ್ತಾರೆ!"

"ಏನು? ಹಂಗಾಗೋಕೆ ಸಾಧ್ಯವೇ ಇಲ್ಲ... ನೀವು ಏನಾದ್ರೂ ಮುಟ್ಟಿದ್ರಾ?"

"ಏನೂ ಮುಟ್ಟಿಲ್ಲ!"

"ಸರಿ. ಹಾಗಾದ್ರೆ ನಾಳೆ ಬೆಳಿಗ್ಗೆನೇ ಬರ್ತೀನಿ."

"ಬೇಡ! ನಿಮ್ಮ ವರದಿ ಆಯ್ತಲ್ಲ, ಸಪ್ಪೊರೊ ಸಿಕ್ತಲ್ಲ. ನನ್ನ ಮನೆ ನಿಮಗೆ ಪ್ರಯೋಗಶಾಲೆನಾ? ಇನ್ನು ನಮ್ಮನೆ ಮೆಟ್ಟಿಲು ಹತ್ಬೇಡಿ!"



"ವರದಿ ಬರೆದಿದ್ದು ನಿಜ. ನಿಮಗೆ ಹೇಳ್ಬೇಕಿತ್ತು, ಹೇಳ್ಲಿಲ್ಲ. ತಪ್ಪು ನಂದೇ. ಆದ್ರೆ ನೀವು ಅಂದ್ಕೊಂಡ ಹಾಗೆ... ಹೋಗ್ಲಿ ಬಿಡಿ." ಫೋನ್ ಇಟ್ಟ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಆ ತಣ್ಣನೆಯ ರೇಡಿಯೇಟರಿಗೆ ಒರಗಿ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಶನಿವಾರ ಜಯಮ್ಮ ಬಂದರು. ಚಟ್ನಿಪುಡಿ, ಎಳ್ಳು ಬೆಲ್ಲ, ಕಬ್ಬಿಣದ ದೋಸೆಹಂಚಿನ ಸಮೇತ ಬಂದವರು ಮೂರು ರಜಾಯಿ ಹೊದ್ದು ಮಲಗಿದರು. "ಏನಿಲ್ಲ ಕಣೇ ಕಾತೂ, ಮಂಡಿ ಒಂಚೂರು ಹಿಡ್ಕೊಂಡಿದೆ ಅಷ್ಟೇ," ಎಂದು ನಕ್ಕರು.

ಭಾನುವಾರ ಬೆಳಿಗ್ಗೆ ಹಾಲು ತರಲು ತಾಯಿ ಮಗಳು ಬೀದಿ ಮೂಲೆಯ ಕೊಂಬಿನಿ ಅಂಗಡಿಗೆ ಹೊರಟರು. ಬಾಗಿಲು ದಾಟುವಾಗ ಜಯಮ್ಮ ಅಭ್ಯಾಸಬಲದಿಂದ ಕೇಳಿದರು.

"ಗೀಸರ್ ಆಫ್ ಮಾಡಿದ್ಯಾ?"

"ಹೂಂ ಅಮ್ಮ, ಮಾಡ್ದೆ."

ಹೇಳುತ್ತಲೇ ಕಾತ್ಯಾಯಿನಿ ಕಂಬದಂತೆ ನಿಂತಳು.

ಅವಳ ಬಲಗೈ ಬಾಗಿಲ ಪಕ್ಕದ ಗೋಡೆಯ ಮೇಲಿತ್ತು. ಕೈಯಡಿ ಬಾಯ್ಲರಿನ ಸ್ವಿಚ್. ಅದರ ಕೆಂಪು ದೀಪ ಈಗಷ್ಟೇ ಆರಿತ್ತು.

ಹುಟ್ಟಿದಾಗಿನಿಂದ ಮೈಸೂರಿನ ಮನೆಯಲ್ಲಿ ಕೇಳಿದ ಮಾತು ಅದು. ಸ್ನಾನವಾಯಿತೇ, ಗೀಸರ್ ಆಫ್ ಮಾಡು. ಹೊರಗೆ ಹೊರಟೆಯಾ, ಗೀಸರ್ ಆಫ್ ಮಾಡು. ಮಲಗುವ ಮುಂಚೆ ಇನ್ನೊಂದು ಸಲ ಎದ್ದು ನೋಡು! ಕೆಂಪು ದೀಪ ಕಂಡರೆ ಕೈ ತಾನಾಗಿ ಹೋಗುತ್ತಿತ್ತು. ಈ ಎರಡು ಚಳಿಗಾಲವೂ ದಿನಾ ಬೆಳಿಗ್ಗೆ ಹೊರಡುವಾಗ ಆಫ್, ಸಂಜೆ ಬಂದಾಗ ಆನ್, ರಾತ್ರಿ ಮಲಗುವಾಗ ಮತ್ತೆ ಆಫ್... ಕಾಯಲು ಒಂದು ದಿನ ಬೇಕಾಗುವ ಗೋಡೆಗೆ ಮೂರು ತಾಸೂ ಪುರಸೊತ್ತು ಸಿಕ್ಕಿರಲಿಲ್ಲ. ಅವನು ಬರುತ್ತಿದ್ದ ಭಾನುವಾರಗಳಲ್ಲಿ ಅವಳು ಮನೆಯಲ್ಲೇ ಇರುತ್ತಿದ್ದಳು, ಅದು ಉರಿಯುತ್ತಿತ್ತು. ಹಾಗಾಗಿ ಅವನಿಗೂ ಗೊತ್ತಾಗಲಿಲ್ಲ. ಚಳಿಗಾಲದಲ್ಲಿ ಬಾಯ್ಲರ್ ಆರಿಸಿ ಹೋಗುವವರು ಇದ್ದಾರೆಂದು ಈ ದೇಶದಲ್ಲಿ ಯಾರಿಗೆ ತಾನೇ ಹೊಳೆಯಬೇಕು?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

"ಅಮ್ಮಾ... ನಾನು ಎಂಥಾ ತಪ್ಪು ಮಾಡ್ಬಿಟ್ಟೆ!"

"ಏನಾಯ್ತೇ? ಅಳ್ತಿದ್ದೀಯಾ?"

ಅವಳು ಅಲ್ಲೇ ನಿಂತು ತಾಯಿಗೆ ಎಲ್ಲವನ್ನೂ ಹೇಳಿದಳು. ಕಪ್ಪು ನೀರು, ಪಾಯಸದ ಮಾತು, ಸಪ್ಪೊರೊ, ಇವತ್ತು ಸಂಜೆಯ ಗಡುವು. ಜಯಮ್ಮ ಪೂರ್ತಿ ಕೇಳಿ, ಸ್ವಿಚ್ಚನ್ನು ತಾವೇ ಒತ್ತಿ ಕೆಂಪು ದೀಪ ಹೊತ್ತಿಸಿದರು.

"ನನ್ ಮುಂದೆ ಅತ್ರೆ ಏನ್ ಬಂತು? ಆ ಹುಡುಗನ ಹತ್ರ ಹೋಗಿ ಅಳು. ಓಡು!"

ಕಾತ್ಯಾಯಿನಿ ಓಡಿದಳು! ಓಡುತ್ತಲೇ ಫೋನ್ ಮಾಡಿದಳು. ಒಂದು ಸಲ, ಎರಡು ಸಲ, ಐದು ಸಲ... ಎತ್ತಲಿಲ್ಲ. ಆಮೇಲೆ ಒಂದೇ ಒಂದು ಮೆಸೇಜ್ ಬಂತು. "ಟ್ರೈನಲ್ಲಿದ್ದೀನಿ."

ಇಲ್ಲಿ ರೈಲಿನೊಳಗೆ ಯಾರೂ ಫೋನಿನಲ್ಲಿ ಮಾತಾಡುವುದಿಲ್ಲ, ನಿಜ. ಆದರೆ ಎಲ್ಲಿಗೆ ಹೊರಟಿದ್ದಾನೆ? ಬಾಸನ್ನು ನೋಡಲಿಕ್ಕಾ? ಆಗಲೇ ಉತ್ತರ ಕೊಟ್ಟುಬಿಟ್ಟನಾ? *ದೇವರೇ, ಕಾವಾಸಾಕಿ ತನಕ ಹೋಗ್ತೀನಿ, ಅವನ ಮನೆ ಬಾಗಿಲಲ್ಲಿ ಸಂಜೆ ತನಕ ಕೂರ್ತೀನಿ, ಆದ್ರೆ ಒಂದು ಸಲ ಸಿಗಲಿ...*

ವಾಕೋ ನಿಲ್ದಾಣದ ಟಿಕೆಟ್ ಗೇಟಿಗೆ ಅವಳು ಕಾರ್ಡ್ ಮುಟ್ಟಿಸಲು ಹೋದಳು. ಎದುರಿನ ಗೇಟಿನಿಂದ, ಹೆಗಲಿಗೆ ಟೂಲ್ ಬ್ಯಾಗ್ ಹಾಕಿಕೊಂಡು, ಕೆಂಪಗಾದ ಕಣ್ಣುಗಳ ಮಧುಕರ್ ಹೊರಗೆ ಬರುತ್ತಿದ್ದ.

ಇಬ್ಬರೂ ನಿಂತಲ್ಲೇ ನಿಂತರು.

"ಮೆಟ್ಟಿಲು ಹತ್ಬೇಡಿ ಅಂದ್ರಿ, ಗೊತ್ತು," ಎಂದು ಅವನೇ ಮೊದಲು ಶುರು ಮಾಡಿದ. "ಆದ್ರೆ ಕಿಮುರಾ ಸಾನ್ ಫೋನ್ ಮಾಡಿದ್ರು. ನಿಮ್ಮ ಅಮ್ಮ ಚಳೀಲಿ ನಡುಗ್ತಿದ್ದಾರೆ ಅಂದ್ರು. ನಾನು ಎಲ್ಲೋ ತಪ್ಪು ಮಾಡಿದ್ದೀನಿ ಕಾತ್ಯಾಯಿನಿ. ಎರಡು ದಿನದಿಂದ ಪ್ರತಿ ಲೆಕ್ಕ ತಿರುಗಿ ಮಾಡಿದ್ದೀನಿ, ಎಲ್ಲಿ ಅಂತ ಸಿಗ್ತಿಲ್ಲ."

"ನಾನೇ ಏನೋ ಮುಟ್ಟಿರ್ಬೇಕು ಅಂತ ನಿಮಗೆ ಅನ್ನಿಸ್ಲೇ ಇಲ್ವಾ?"

"ಇಲ್ಲ. ಮುಟ್ಟಿಲ್ಲ ಅಂದ್ರಲ್ಲ ನೀವು."

ಅಷ್ಟೇ ಅಂದ. ತನ್ನ ವಿದ್ಯೆಯನ್ನೇ ಅನುಮಾನಿಸಿಕೊಂಡ, ಅವಳ ಮಾತನ್ನು ಅನುಮಾನಿಸಲಿಲ್ಲ! ಕಾತ್ಯಾಯಿನಿಯ ಕಣ್ಣೀರು ಧಾರೆಯಾಗಿ ಇಳಿಯಿತು.

"ಮಧುಕರ್... ನಾನು ದಿನಾ ಬಾಯ್ಲರ್ ಆಫ್ ಮಾಡಿ ಹೋಗ್ತಿದ್ದೆ. ಗೀಸರ್ ಥರ. ನಂಗೇ ಗೊತ್ತಿಲ್ದೆ!"

ಅವನು ಒಂದು ಕ್ಷಣ ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ಆ ನಿಶ್ಶಬ್ದದ ನಿಲ್ದಾಣದಲ್ಲಿ ಬಿದ್ದು ಬಿದ್ದು ನಕ್ಕ. ಹತ್ತು ಜನ ತಿರುಗಿ ನೋಡಿದರು. "ರಾಜಾಜಿನಗರದಲ್ಲಿ ನಮ್ಮಮ್ಮನೂ ದಿನಾ ಕೂಗ್ತಾರಲ್ರೀ... ನಾನಾದ್ರೂ ಕೇಳ್ಬೇಕಿತ್ತು! ಎಂಥಾ ಇಂಜಿನಿಯರ್ ನಾನು!"

"ನಗ್ಬೇಡಿ! ನಾನು ನಿಮಗೆ ಏನೇನೋ ಅಂದೆ. ಕ್ಷಮಿಸಿ. ಎರಡು ದಿನದಿಂದ ಒಂದು ತುತ್ತು ಇಳಿದಿಲ್ಲ ನಂಗೆ."

ನಗು ನಿಂತಿತು. "ನಂಗೂ," ಎಂದ ಮೆಲ್ಲಗೆ.

ಅಂದು ಇಡೀ ದಿನ ಬಾಯ್ಲರನ್ನು ಯಾರೂ ಮುಟ್ಟಲಿಲ್ಲ. ಜಯಮ್ಮ ದೋಸೆ ಹುಯ್ಯುತ್ತ ಕೂತರು. "ಏನಪ್ಪ, ಇನ್ನೊಂದು ಹಾಕ್ಲಾ?" ಎಂದು ಕೇಳಿ ಕೇಳಿ ಆರು ತಿನ್ನಿಸಿದರು. ಮಧುಕರ್ ಗಂಟೆಗೊಮ್ಮೆ ಮಹಡಿ ಹತ್ತಿ ಇಳಿದ. ಮೂರು ಗಂಟೆಗೆ ಅವಳ ಕೋಣೆ ಹದವಾಯಿತು. ನಾಲ್ಕಕ್ಕೆ ಮೇಲಿನಿಂದ ಅವನ ಕೂಗು ಕೇಳಿಸಿತು.

"ಕಾತ್ಯಾಯಿನೀ! ಬನ್ನಿ ಇಲ್ಲಿ!"

ಎರಡೆರಡು ಮೆಟ್ಟಿಲು ಹಾರಿ ಹೋದಳು. ಕೊನೇ ಕೋಣೆಯ ರೇಡಿಯೇಟರಿನ ಮೇಲೆ ಅಂಗೈಯಿಟ್ಟಳು. ಮೇಲೆ ಬಿಸಿ, ನಡುವೆ ಬಿಸಿ, ಬುಡದಲ್ಲೂ ಬಿಸಿ!

"ಆಯ್ತು! ಮಧುಕರ್, ಆಯ್ತು!"

"ಆಯ್ತು. ಈಗ ಆ ಒಂದು ಮಾತು ಕೇಳ್ಬೇಕು." ಅವನು ಅವಳ ಕಡೆ ತಿರುಗಿದ. "ಆ ವರದಿ ಈ ಮನೆಗೋಸ್ಕರ ಬರೆದೆ, ಒಪ್ಕೋತೀನಿ. ಮೊದಲನೇ ಭಾನುವಾರವೂ ಮನೆಗೋಸ್ಕರವೇ ಬಂದೆ. ಆಮೇಲಿನ ಎರಡು ನಿಮಗೋಸ್ಕರ. ನಿಮ್ಮನ್ನ ತುಂಬ ಪ್ರೀತಿಸ್ತೀನಿ. ನೀವು ಹೂಂ ಅಂದ್ರೆ ಸಪ್ಪೊರೊ ಬೇಡ ಅಂತ ಬರೀತೀನಿ."

ಹೂಂ ಅಂದರೆ ಸಾಕು, ಇವನು ಇಲ್ಲೇ ಉಳಿಯುತ್ತಾನೆ! ಆದರೆ ರೇಡಿಯೇಟರಿನ ಮುಂದೆ ಕಣ್ಣು ಮುಚ್ಚಿ ಕೂರುವ ಈ ಮನುಷ್ಯನಿಗೆ ಮನೆಮನೆಗೂ ರೇಡಿಯೇಟರ್ ಇರುವ ಊರನ್ನು ತಪ್ಪಿಸುವುದೇ?

"ನಾನೂ ನಿಮ್ಮನ್ನ ಪ್ರೀತಿಸ್ತೀನಿ," ಎಂದಳು ಗಟ್ಟಿಯಾಗಿ. "ಅದಕ್ಕೇ... ಬರ್ತೀನಿ ಅಂತ ಬರೀರಿ."

"ಕಾತ್ಯಾಯಿನಿ!"

"ವಿಮಾನದಲ್ಲಿ ಒಂದೂವರೆ ಗಂಟೆ ಅಷ್ಟೇ. ನಿಮ್ಮ ಬೆಂಗಳೂರಲ್ಲಿ ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್ ತಲುಪೋಕೆ ಅದಕ್ಕಿಂತ ಹೆಚ್ಚು ಬೇಕು. ಪ್ರೀತಿಗೋಸ್ಕರ ಕೆಲಸ ಬಿಟ್ಟೆ ಅಂತ ನೀವೂ ಅನ್ಬಾರ್ದು, ನಾನೂ ಅನ್ಬಾರ್ದು."

ಅವನು ಫೋನ್ ತೆಗೆದು ಜಪಾನೀಸಿನಲ್ಲಿ ನಾಲ್ಕು ಸಾಲು ಬರೆದ. ಕಳಿಸುವ ಗುಂಡಿಯ ಮೇಲೆ ಬೆರಳು ಹಾಗೇ ನಿಂತಿತು. ಅವಳು ಅವನ ಬೆರಳ ಮೇಲೆ ತನ್ನ ಬೆರಳಿಟ್ಟು ಒತ್ತಿದಳು. ಮೇಲ್ ಹೋಯಿತು.

"ಅಳ್ತಿದ್ದೀರಾ?" ಎಂದು ಕೇಳಿದ, ಅವಳ ಕೆನ್ನೆ ಒರೆಸುತ್ತ.

"ಹೂಂ. ನೀವೂ ಅಳ್ತಿದ್ದೀರಿ." ಅವಳು ಅವನ ಹೆಗಲಿಗೆ ತಲೆಯಾನಿಸಿದಳು. "ಏಪ್ರಿಲ್ ತನಕ ಎಷ್ಟು ಭಾನುವಾರ ಇದೆ?"

ಅವನು ಮನಸ್ಸಿನಲ್ಲೇ ಎಣಿಸಿದ. "ಇವತ್ತೂ ಸೇರಿದ್ರೆ ಹನ್ನೊಂದು."

"ಹನ್ನೊಂದೂ ನಂದು."

"ಮತ್ತೆ ಆಮೇಲಿನವು?"

"ಅವೂ ನಂದೇ. ವಿಮಾನ ಹತ್ಕೊಂಡು ಬಂದು ತಗೋತೀನಿ!"